ಬೆರಳು ತಾಗಿಸಬಾರದು ರೀ

“ಇದೂ ಕೆಟ್ಟಿದೆ ಕಣ್ರೀ!”

ಗಿಟಾರ್ ನುಡಿಸುವ ಹುಡುಗ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಅಂಗಡಿಯೊಳಗೆ ಕಾಲಿಡುವ ಮೊದಲೇ ಅವನ ಮಾತು ಒಳಗೆ ಬಂದಿತ್ತು. ಕೌಂಟರಿನ ಹಿಂದೆ ಕೂತಿದ್ದವಳಿಗೆ ಸಿಟ್ಟು ಬರಬೇಕಿತ್ತು, ಬಂದದ್ದು ಖುಷಿ. ಗಿಟಾರಿನ ಆಂಪ್ಲಿಫೈಯರಿಗೆ ಹಾಕುವ ಅಕ್ಕಿಕಾಳಿನಷ್ಟು ರೆಸಿಸ್ಟರನ್ನು ವಾಪಸ್ ಕೊಡಲು ಊರಿನ ಆ ತುದಿಯಿಂದ ಈ ತುದಿಗೆ ಯಾರಾದರೂ ಬರುತ್ತಾರೆಯೇ?

ಒಳಗಿನ ಕೋಣೆಯಿಂದ ಸೋದರಮಾವ ಗುಡುಗಿದರು. “ಬದಲಾಯಿಸಿ ಕೊಡ್ತಾನೇ ಇರೋಕೆ ಇದೇನು ಧರ್ಮಛತ್ರವೇ? ಮೀಟರ್ ಇಟ್ಟು ತೋರಿಸಿ ಕಳಿಸಮ್ಮ. ಇವತ್ತಿಗೆ ಇದು ಮುಗೀಬೇಕು.”

ಮುಗಿಯುವುದೇ ಅವಳಿಗೆ ಬೇಡವಾಗಿತ್ತು. ಅವನು ಅಳೆಯುವುದರಲ್ಲೇ ಏನೋ ಎಡವಟ್ಟಿದೆ ಎಂಬ ಗುಮಾನಿ ಇದ್ದರೂ, ಹಿಂದೆಲ್ಲ ಏನೂ ಕೇಳದೆ ಹೊಸದೊಂದನ್ನು ಕೊಟ್ಟು ಕಳಿಸಿದ್ದಳು. ತಪ್ಪು ತೋರಿಸಿಕೊಟ್ಟರೆ ಅವನಿಗೆ ಮತ್ತೆ ಬರಲು ನೆಪವೇ ಇರುವುದಿಲ್ಲ. ಸುಮ್ಮನಿದ್ದರೆ ಒಳ್ಳೆಯ ಮಾಲಿಟ್ಟುಕೊಂಡಿದ್ದರೂ ಮಾವನ ಹೆಸರು ಕೆಡುತ್ತದೆ.

ರೆಸಿಸ್ಟರನ್ನು ಮೇಜಿನ ಮೇಲಿಟ್ಟು ಮೀಟರಿನ ವೈರುಗಳ ತುದಿಯ ಎರಡು ಮುಳ್ಳುಗಳನ್ನು ಅದರ ಎರಡು ಕಡೆಯ ತಂತಿಗಳಿಗೆ ತಾಗಿಸಿದಳು. “ನೋಡಿ, ಒಂದು ಮೆಗಾ ಓಮ್, ಅಂದ್ರೆ ಸಾವಿರ ಕಿಲೋ. ಸರಿಯಾಗೇ ಇದೆ.”

“ನಮ್ಮನೇಲಿ ಆರುನೂರು ಕಿಲೋ ಅಂತು! ದೇವರಾಣೆ!”

“ಮನೇಲಿ ಹೇಗೆ ಹಿಡಿದ್ರೋ ಹಾಗೇ ಹಿಡೀರಿ, ನೋಡೋಣ.”

ಅವನು ಒಂದೊಂದು ತಂತಿಯನ್ನೂ ಒಂದೊಂದು ಮುಳ್ಳಿಗೆ ಒತ್ತಿ, ಎರಡೂ ಕೈಗಳ ಬೆರಳುಗಳಲ್ಲಿ ಗಟ್ಟಿಯಾಗಿ ಹಿಡಿದ. ಎಡವಟ್ಟು ಅವಳಿಗೆ ಅಲ್ಲೇ ಕಂಡಿತು. ಆದರೆ ಮೀಟರು ಆರುನೂರು ತೋರಿಸಲಿಲ್ಲ, ನಾನೂರು ತೋರಿಸಿತು. ಸರಿಯಾಗಿ ನೋಡೋಣವೆಂದು ಅವಳು ಬಗ್ಗಿದಳು. ಮುನ್ನೂರು. ಅವಳ ಮುಂಗುರುಳು ಅವನ ಮಣಿಕಟ್ಟಿಗೆ ಸೋಕಿತು. ಇನ್ನೂರೈವತ್ತು! ಅವನೋ ಮೀಟರ್ ಬಿಟ್ಟು ಅವಳನ್ನೇ ನೋಡುತ್ತಿದ್ದ.

“ನಿಮ್ಮ ಮೀಟರಿಗೆ ಹುಚ್ಚು ಹಿಡಿದಿದೆ,” ಎಂದ.

“ಹುಚ್ಚು ಮೀಟರಿಗಲ್ಲ,” ಎಂದು ನಕ್ಕಳು. ಆಮೇಲೆ ಮನಸ್ಸು ಗಟ್ಟಿ ಮಾಡಿಕೊಂಡಳು. ಸುಳ್ಳು ನೆಪದಿಂದ ಎಷ್ಟು ಸಲ ತಾನೇ ಕರೆಸಿಕೊಳ್ಳುವುದು? “ಬೆರಳು ತಾಗಿಸಬಾರದು ರೀ. ಎರಡು ಕಡೇನೂ ಹಿಡಿದ್ರೆ ಕರೆಂಟು ನಿಮ್ಮ ಮೈಯಲ್ಲೂ ಹರಿದು ನಂಬರ್ ಇಳಿಯುತ್ತೆ. ರೆಸಿಸ್ಟರ್ ಚೆನ್ನಾಗೇ ಇದೆ. ಇನ್ನು ನೀವು... ಬರಬೇಕಾಗಿಲ್ಲ.”

ಅವನ ಮುಖ ಸಪ್ಪಗಾಯಿತು. ಬಾಗಿಲವರೆಗೆ ಹೋದವನು ತಿರುಗಿ ಬಂದ.

“ಮನೇಲಿ ಆರುನೂರು ಇದ್ದದ್ದು ಇಲ್ಲಿ ಅಷ್ಟೊಂದು ಯಾಕೆ ಇಳೀತು?”

“ಕೈ ಬೆವೆತ್ರೆ ಇಳಿಯುತ್ತೆ.”

“ಕೈ ಯಾಕೆ ಬೆವರುತ್ತೆ?”

“ಸೆಕೆಗೆ. ಇಲ್ಲಾಂದ್ರೆ ಹೆದರಿಕೆಗೆ.”

“ಫ್ಯಾನ್ ತಲೆ ಮೇಲೇ ತಿರುಗ್ತಿದೆ,” ಎಂದ. ಕಿವಿಯವರೆಗೂ ಕೆಂಪಾಗಿದ್ದ. “ಸ್ಟೇಜ್ ಮೇಲೆ ಸಾವಿರ ಜನರ ಮುಂದೆ ಬೆವರದ ಕೈ ಇದು. ನೀವು ನನಗೆ ಇಷ್ಟ ರೀ. ಹೇಳಿದ್ರೆ ಏನಂತೀರೋ ಅಂತ ಹೆದರಿಕೆ, ಅಷ್ಟೇ.”

ಅವಳು ಮಾವನ ಕೋಣೆಯ ಕಡೆ ಕಣ್ಣು ಹಾಯಿಸಿದಳು. ಅವನು ರೆಸಿಸ್ಟರನ್ನೂ ಮುಳ್ಳುಗಳನ್ನೂ ಅವಳ ಮುಂದೆ ಸರಿಸಿದ.

“ಬಾಯಿ ಬಿಟ್ಟು ಹೇಳೋದು ಬೇಡ. ನನ್ನ ಹಾಗೇ ತಪ್ಪಾಗಿ ಹಿಡೀರಿ, ಸಾಕು.”

ಅವಳು ಹಿಡಿದಳು. ಮುನ್ನೂರು. ಇನ್ನೂರು. ನೂರೈವತ್ತು. ನಂಬರು ಅವನದಕ್ಕಿಂತ ಕೆಳಗಿಳಿದರೂ ನಿಲ್ಲಲಿಲ್ಲ. ಅವನ ಮುಖದ ತುಂಬ ನಗು ಹರಡಿತು.

“ಎಷ್ಟು ತೋರಿಸ್ತಾ ಇದೆಯಮ್ಮಾ?” ಒಳಗಿನಿಂದ ಮಾವ ಕೂಗಿದರು.

ಅವಳು ಬೆರಳು ಸಡಿಲಿಸದೆ ಅವನನ್ನೇ ನೋಡುತ್ತ ಕೂಗಿ ಹೇಳಿದಳು:

“ಸರಿಯಾಗೇ ತೋರಿಸ್ತಿದೆ ಮಾವಾ!”