ಬರಮಾಡಿಕೊಳ್ಳಲು ಬಂದವರು

ಬೀರುವಿನ ಬೀಗ ಒಡೆದಿರಲಿಲ್ಲ. ಬಾಗಿಲ ಮೇಲೆ ಒಂದು ಗೀರೂ ಇರಲಿಲ್ಲ. ಒಳಗಿದ್ದ ಮೂವತ್ತು ದಿನಗಳ ಎಣಿಕೆ ಹಾಳೆಗಳು ಮಾತ್ರ ಮಾಯವಾಗಿದ್ದವು.

“ನಿನ್ನೆ ಸಂಜೆ ಐದಕ್ಕೆ ಇಲ್ಲೇ ಇದ್ವು ಸರ್, ಕಣ್ಣಾರೆ ನೋಡಿದ್ದೀನಿ!” ವಿಮಾನ ನಿಲ್ದಾಣದ ಯೋಜನಾ ಇಂಜಿನಿಯರ್ ತಲೆಯ ಮೇಲೆ ಕೈಹೊತ್ತು ಕೂತಿದ್ದ. “ಮಧ್ಯಾಹ್ನ ಮೂರಕ್ಕೆ ಸಭೆ. ಏನಂತ ಮುಖ ತೋರಿಸಲಿ?”

ತನಿಖಾಧಿಕಾರಿ ಕುರ್ಚಿ ಎಳೆದುಕೊಂಡ. ಅವನು ಈ ನಿಲ್ದಾಣಕ್ಕೆ ವರ್ಗವಾಗಿ ಬಂದು ಒಂದೂವರೆ ತಿಂಗಳಾಗಿತ್ತು. ಕ್ಯಾಂಟೀನಿನಲ್ಲಿ ಅವನ ಮೇಜಿಗೆ ಯಾರೂ ಬಂದು ಕೂರುತ್ತಿರಲಿಲ್ಲ. ಉಣ್ಣುವಾಗಲೂ ಬಾಯಿಬಿಡಿಸಿಬಿಟ್ಟಾನು ಎಂಬ ಭಯ. ಹೀಗೆ ಕಳುವಾದಾಗ ಮಾತ್ರ ಜನ ಅವನ ಜೊತೆ ಮಾತಾಡುತ್ತಿದ್ದರು.

“ನಾಲ್ಕು ಹಾಳೆಗೆ ಇಷ್ಟು ಗಾಬರಿ ಯಾಕ್ರೀ?”

“ಇನ್ನು ಇಪ್ಪತ್ತು ವರ್ಷಕ್ಕೆ ಪ್ರಯಾಣಿಕರು ಮೂರು ಪಟ್ಟು ಆಗ್ತಾರೆ ಸರ್. ಹೊಸ ಕಟ್ಟಡದಲ್ಲಿ, ಬಂದಿಳಿದವರು ಹೊರಗೆ ಬರೋ ಬಾಗಿಲಿದೆಯಲ್ಲ—ಅದರ ಮುಂದಿನ ಹಜಾರ ಎಷ್ಟು ದೊಡ್ಡದಿರಬೇಕು? ಒಬ್ಬೊಬ್ಬರನ್ನ ಬರಮಾಡಿಕೊಳ್ಳೋಕೆ ಎಷ್ಟು ಜನ ಬಂದು ನಿಲ್ತಾರೆ ಅಂತ ಗೊತ್ತಾಗಬೇಕು. ಹೋದ ತಿಂಗಳು ಎಣಿಸಿದ್ದು ಅದನ್ನೇ.”

“ಎಷ್ಟು ಬಂತು?”

“ನೂರು ಪ್ರಯಾಣಿಕರಿಗೆ ನೂರ ನಲವತ್ತು ಜನ. ಅಂಕಿಗಳೆಲ್ಲ ಕಂಪ್ಯೂಟರಿನಲ್ಲಿವೆ. ನನಗ್ಯಾಕೋ ಜಾಸ್ತಿ ಅನ್ನಿಸ್ತು. ‘ನಾಳೆ ಮೂಲ ಹಾಳೆ ತೆಗೆದು ತಾಳೆ ನೋಡ್ತೀನಿ’ ಅಂದೆ. ಬೆಳಗಾಗೋದ್ರಲ್ಲಿ ಇಲ್ಲ!”

“ಹಾಗಂದಾಗ ಯಾರಿದ್ದರು?”

“ಇಬ್ಬರೇ. ಮಳಿಗೆ ವಿಭಾಗದ ಮ್ಯಾನೇಜರು, ಮತ್ತೆ ನಮ್ಮ ಲೆಕ್ಕದಕ್ಕ. ಬೀಗದಕೈ ಮೊಳೆಗೆ ನೇತುಹಾಕಿರ್ತೀನಿ ಅಂತ ಇಬ್ಬರಿಗೂ ಗೊತ್ತು.”

ಮ್ಯಾನೇಜರು ಬಂದವನೇ ಕೈಕಟ್ಟಿ ನಿಂತ.

“ಹಜಾರ ಚಿಕ್ಕದಾದ್ರೆ ನಿಮ್ಮ ಅಂಗಡಿಗಳಿಗೆ ಜಾಗ ಜಾಸ್ತಿ, ಅಲ್ವಾ?”

“ಹೌದು. ಅದರಲ್ಲಿ ಮುಚ್ಚುಮರೆ ಏನಿದೆ?”

“ಹಾಗಿದ್ರೆ ಹಾಳೆ—”

“ಸ್ವಲ್ಪ ಯೋಚನೆ ಮಾಡಿ ಸರ್. ಹಾಳೆ ಹೋದ್ರೆ ಆ ನೂರ ನಲವತ್ತೇ ಗಟ್ಟಿಯಾಗುತ್ತೆ. ಹಜಾರ ಮೈದಾನ ಆಗುತ್ತೆ! ನನ್ನ ಕಾಲ ಮೇಲೆ ನಾನೇ ಕಲ್ಲು ಎತ್ತಿ ಹಾಕ್ಕೊಳ್ತೀನಾ?”

ಮಾತು ಸರಿಯಾಗಿತ್ತು. ಅಧಿಕಾರಿ ಅವನನ್ನು ಕಳಿಸಿಕೊಟ್ಟ.

ಲೆಕ್ಕದಕ್ಕನಿಗೆ ಐವತ್ತು ದಾಟಿತ್ತು. ಎಣಿಕೆಗೆಂದೇ ತಾತ್ಕಾಲಿಕವಾಗಿ ತೆಗೆದುಕೊಂಡಿದ್ದ ಹೆಂಗಸು. ಊಟದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

“ಎಣಿಸಿದ್ದು ನೀವೊಬ್ಬರೇನಾ?”

“ಹೂಂ ಸರ್. ಬಾಗಿಲ ಎದುರಿಗೇ ಸ್ಟೂಲ್ ಹಾಕ್ಕೊಂಡು.”

“ರಜೆ?”

“ಒಂದಿನಾನೂ ಇಲ್ಲ. ಮನೇಲಿ ಕೂತು ಏನು ಮಾಡಲಿ? ಗೋಡೆ ಜೊತೆ ಮಾತಾಡಲಾ?” ನಗಲು ನೋಡಿದಳು. ಆಗಲಿಲ್ಲ.

“ಬರೆದಿದ್ದೆಲ್ಲ ನೀವು ಕಣ್ಣಾರೆ ನೋಡಿದ್ದೇ ತಾನೆ?”

“...ಹೂಂ.”

ಅಧಿಕಾರಿ ಕಂಪ್ಯೂಟರಿನ ಅಂಕಿಗಳನ್ನೆಲ್ಲ ಕಾಗದದ ಮೇಲೆ ಇಳಿಸಿಕೊಡಲು ಹೇಳಿದ. ಪ್ರತಿ ವಿಮಾನಕ್ಕೂ ಒಂದು ಸಾಲು, ಸಾಲಿಗೆ ನಾಲ್ಕು ಮನೆ: ಬರಮಾಡಿಕೊಳ್ಳಲು ಯಾರೂ ಬರದ ಪ್ರಯಾಣಿಕರು, ಒಬ್ಬರು ಬಂದವರು, ಇಬ್ಬರು, ಮೂರು ಮತ್ತು ಮೇಲೆ. ಅರ್ಧ ಗಂಟೆ ಪುಟ ತಿರುವಿದ. ಹನ್ನೆರಡನೇ ತಾರೀಖಿನ ಪುಟದಲ್ಲಿ ಅವನ ಬೆರಳು ನಿಂತಿತು. ತುಸು ಹೊತ್ತು ಅಲ್ಲೇ ಇತ್ತು. ಆಮೇಲೆ ಮೂವರನ್ನೂ ಕರೆಸಿದ.

“ಇಂಜಿನಿಯರೇ, ನೀವು ಕೊನೇ ಮೊತ್ತ ನೋಡಿದ್ರಿ. ಮೊದಲನೇ ಮನೆ ನೋಡಿದ್ರಾ?”

ಇಂಜಿನಿಯರ್ ಬಗ್ಗಿ ನೋಡಿದ. “ಸೊನ್ನೆ... ಸೊನ್ನೆ... ಅರೆ, ಎಲ್ಲಾ ಸೊನ್ನೆ!”

“ಮೂವತ್ತು ದಿನ. ಸಾವಿರಾರು ಪ್ರಯಾಣಿಕರು. ಯಾರೂ ಕರ್ಕೊಂಡು ಹೋಗೋಕೆ ಬರದವರು ಒಬ್ಬರೂ ಇಲ್ಲ. ನಂಬೋ ಮಾತೇನ್ರೀ?”

“ಬೆರಳಚ್ಚಿನ ತಪ್ಪಿರಬಹುದಲ್ಲ?” ಎಂದ ಮ್ಯಾನೇಜರು.

“ಅಲ್ಲ. ಹನ್ನೆರಡನೇ ತಾರೀಖು ಹನ್ನೊಂದು ಗಂಟೆ ವಿಮಾನ ನೋಡಿ. ಇಳಿದವರು ಎಂಬತ್ತನಾಲ್ಕು. ಆ ಎಂಬತ್ತನಾಲ್ಕರಲ್ಲಿ ನಾನೂ ಒಬ್ಬ.” ಅವನ ದನಿ ತುಸು ಇಳಿಯಿತು. “ವರ್ಗದ ಆದೇಶ ಹಿಡ್ಕೊಂಡು ಬಂದೆ. ಕಚೇರಿಯಿಂದ ಕಾರು ಬರಬೇಕಿತ್ತು, ಬರಲಿಲ್ಲ. ಬೇರೆ ಯಾರೂ ಬರೋದಕ್ಕಿರಲಿಲ್ಲ. ಅಂದಮೇಲೆ ಆ ಮನೆಯಲ್ಲಿ ಕಡೇಪಕ್ಷ ಒಂದು ಇರಲೇಬೇಕಿತ್ತು—ನಾನು. ಅಂಕಿ ತಿದ್ದಿದ್ದು ಯಾರೋ, ಹಾಳೆ ತೆಗೆದಿದ್ದೂ ಅವರೇ. ಎಣಿಸಿ ಬರೆದಿದ್ದು ಒಬ್ಬರೇ. ಅಕ್ಕ, ಆ ಚೀಲ ತೆಗೀತೀರಾ?”

ಲೆಕ್ಕದಕ್ಕ ತಡಮಾಡಲಿಲ್ಲ. ಊಟದ ಡಬ್ಬಿಯ ಕೆಳಗೆ ಹಾಳೆಗಳು ಮಡಿಸಿ ಕೂತಿದ್ದವು. ಮೊದಲ ಮನೆಯ ಉದ್ದಕ್ಕೂ ಪೆನ್ಸಿಲ್ ಅಳಿಸಿದ ಕಲೆ. ಕಾಗದ ಕೆಲವು ಕಡೆ ತೂತು ಬೀಳುವಷ್ಟು ಸವೆದಿತ್ತು.

“ಹರಿದು ಹಾಕೋಣ ಅಂತಲೇ ತಗೊಂಡೆ. ಮನಸ್ಸು ಬರಲಿಲ್ಲ.”

“ಯಾರು ಹೇಳಿ ಮಾಡಿಸಿದ್ರು?” ಇಂಜಿನಿಯರ್ ಕಿರುಚಿದ.

“ಯಾರೂ ಇಲ್ಲಪ್ಪ. ಮೊದಲು ಸರಿಯಾಗೇ ಬರೆದೆ. ಆದ್ರೆ ಆ ಬಾಗಿಲು ತೆರೆದ ಕೂಡಲೇ ಎಲ್ಲರೂ ಒಂದ್ಸಲ ತಲೆಯೆತ್ತಿ ನೋಡ್ತಾರೆ. ಯಾರೂ ಬಂದಿಲ್ಲ ಅಂತ ಗೊತ್ತಿರುತ್ತೆ, ಆದ್ರೂ ನೋಡ್ತಾರೆ. ದಿನಾ ಅಂಥವರು ಅರ್ಧಕ್ಕರ್ಧ. ಅವರನ್ನ ಅಲ್ಲೇ ಹಾಗೇ ಬರೆದು ಬಿಟ್ಟುಬಿಡೋಕೆ ಕೈ ಬರಲಿಲ್ಲ. ಅಳಿಸಿದೆ. ಒಬ್ಬೊಬ್ಬರಿಗೂ ಯಾರನ್ನಾದ್ರೂ ಬರೆದೆ.” ಅವಳು ಅಧಿಕಾರಿಯತ್ತ ತಿರುಗಿದಳು. “ನಿಮ್ಮನ್ನ ನೋಡಿದ ನೆನಪಿದೆ ಸರ್. ಫೋನ್ ಹಿಡ್ಕೊಂಡು ಕಂಬದ ಹತ್ತಿರ ಕಾಲು ಗಂಟೆ ನಿಂತಿದ್ರಿ. ನಿಮಗೆ ಇಬ್ಬರನ್ನ ಬರೆದಿದ್ದೆ.”

ಇಂಜಿನಿಯರ್ ಒಂದೊಂದೇ ಹಾಳೆ ಬಿಡಿಸಿ ಅಳಿಸಿದ ಮನೆ ನೋಡಿದ. ಆಮೇಲೆ ಕೇಳಿದ, “ಯಾರೂ ಬರದವರು ಬೇಗ ಹೊರಟುಬಿಡ್ತಾರಲ್ವಾ? ಅವರಿಗೆ ಜಾಗ ಯಾಕೆ ಬೇಕು?”

“ಎಲ್ಲಿ ಹೊರಡ್ತಾರೆ!” ಎಂದಳು ಲೆಕ್ಕದಕ್ಕ. “ ಅವರೇ ಜಾಸ್ತಿ ಹೊತ್ತು ನಿಲ್ಲೋದು.”

ಇಂಜಿನಿಯರ್ ಪೆನ್ನು ಕೈಗೆತ್ತಿಕೊಂಡ. ಎಷ್ಟು ಹೊತ್ತು ನಿಲ್ಲುತ್ತಾರೆಂದು ಅವನ ಹಾಳೆ ಕೇಳಿಯೇ ಇರಲಿಲ್ಲ. ಸಭೆ ಮುಂದಕ್ಕೆ ಹೋಯಿತು. ಹೊಸದಾಗಿ ಎಣಿಸಬೇಕು, ಈ ಸಲ ಗಡಿಯಾರ ಹಿಡಿದು, ಎಂದು ತೀರ್ಮಾನವಾಯಿತು.

ಲೆಕ್ಕದಕ್ಕನ ಕೆಲಸ ಮಾತ್ರ ಉಳಿಯಲಿಲ್ಲ. ಅಧಿಕಾರಿ ವರದಿಯಲ್ಲಿ ಒಂದಕ್ಷರ ಮೃದು ಮಾಡಲಿಲ್ಲ. ಸಾಕ್ಷಿಯ ಹೇಳಿಕೆ ಎಂಬಲ್ಲಿ ‘ನನ್ನನ್ನು ಬರಮಾಡಿಕೊಳ್ಳಲು ಯಾರೂ ಬಂದಿರಲಿಲ್ಲ’ ಎಂದು ಬರೆದು, ಕೆಳಗೆ ಸಹಿ ಹಾಕಿದ.

ಸಂಜೆ ಅವಳು ಗುರುತಿನ ಚೀಟಿ ಒಪ್ಪಿಸಿ ಹೊರಗೆ ಬಂದಾಗ ಅವನು ಮೆಟ್ಟಿಲ ಬಳಿ ನಿಂತಿದ್ದ.

“ಮನೆಯಿಂದ ಯಾರಾದ್ರೂ ಬರ್ತಾರಾ?”

“ಬಸ್ಸು ಬರುತ್ತೆ ಸರ್.”

ಅವನು ಅವಳ ಜೊತೆ ಬಸ್ ಸ್ಟಾಪಿನವರೆಗೂ ನಡೆದ. ಬಸ್ಸು ಬರಲು ಮುಕ್ಕಾಲು ಗಂಟೆ ಹಿಡಿಯಿತು. ಇಬ್ಬರೂ ಅಲ್ಲಿಂದ ಕದಲಲಿಲ್ಲ.