ಹೆಂಡತಿಗೂ ಹೇಳದ ಕಾಗದ

ದೊಡ್ಡವರು ತೀರಿಕೊಂಡ ಸುದ್ದಿ ಬಂದಾಗ ಅವರಿಗೆ ಭಾಷಣ ಬರೆದುಕೊಡುತ್ತಿದ್ದ ಭಾಷಣದವನಿಗೆ ಅಳು ಬರಲಿಲ್ಲ, ಕೆಲಸ ಬಂತು. ಒಂದು ಗಂಟೆಯೊಳಗೆ ಸಂತಾಪದ ಭಾಷಣ ಬೇಕೆಂದು ಕಚೇರಿಯಿಂದ ಫೋನು. ಅದು ಎರಡು ವರ್ಷದಿಂದ ಅವನ ಮೇಜಿನ ಖಾನೆಯಲ್ಲಿ ಸಿದ್ಧವಾಗಿ ಕೂತಿತ್ತು. 'ಇದ್ದಾರೆ' ಎಂದಿದ್ದಲ್ಲೆಲ್ಲ 'ಇದ್ದರು' ಮಾಡಿ, ವಯಸ್ಸಿಗೆ ಬಿಟ್ಟಿದ್ದ ಜಾಗದಲ್ಲಿ ಎಂಬತ್ತೊಂದು ಎಂದು ತುಂಬಿ ಕಳಿಸಿಕೊಟ್ಟ. ಆಮೇಲೆ ಕೈ ತೊಳೆದು ಊಟಕ್ಕೆ ಕೂತ. ದೇಶವನ್ನು ಹದಿನೈದು ವರ್ಷ ನಡೆಸಿದ ಮನುಷ್ಯ ಹೋದರಲ್ಲ ಎಂದು ಎದೆ ಮುಟ್ಟಿ ನೋಡಿಕೊಂಡ. ಅಲ್ಲಿ ಏನೂ ಇರಲಿಲ್ಲ.

ಹೊಟ್ಟೆ ಉರಿದದ್ದು ಮೂರನೆಯ ದಿನ. ಟೀವಿಯಲ್ಲಿ ಅಂತಿಮ ದರ್ಶನದ ಸಾಲು ಮುಗಿಯುವ ಹಾಗೇ ಕಾಣುತ್ತಿರಲಿಲ್ಲ. ಮಕ್ಕಳ ಕೈಯಲ್ಲಿ ರಟ್ಟಿನ ಫಲಕ, ಎಲ್ಲದರ ಮೇಲೂ ಒಂದೇ ವಾಕ್ಯ: "ತಟ್ಟಿದವರ ಹೆಸರು ಕೇಳುವ ಮೊದಲು ಬಾಗಿಲು ತೆರೆಯಿರಿ." ಪಕ್ಕದ ದೇಶದ ಯುದ್ಧಕ್ಕೆ ಹೆದರಿ ಲಕ್ಷಗಟ್ಟಲೆ ಜನ ಗಡಿಗೆ ಬಂದು ನಿಂತ ವರ್ಷ, ಮಂತ್ರಿಗಳೆಲ್ಲ ಬೇಡವೆಂದರೂ ಕೇಳದೆ, ದೊಡ್ಡವರು ಶಾಲೆಗಳನ್ನೂ ಕಚೇರಿಗಳನ್ನೂ ಕೊನೆಗೆ ತಮ್ಮ ಮನೆಯ ಹೊರಕೋಣೆಗಳನ್ನೂ ಬಿಟ್ಟುಕೊಟ್ಟಾಗ ಆಡಿದ ಮಾತು ಅದು. ಬಿಟ್ಟುಕೊಟ್ಟವರು ದೊಡ್ಡವರೇ, ಅದರಲ್ಲಿ ಎರಡು ಮಾತಿಲ್ಲ. ಮಾತು ಮಾತ್ರ ಇವನದು.

ಪಕ್ಕದಲ್ಲಿ ಕೂತಿದ್ದ ಹೆಂಡತಿ ಕಣ್ಣೊರೆಸಿಕೊಂಡಳು. "ಎಂಥಾ ಮಾತು ಹೇಳಿ ಹೋದ್ರು ನೋಡ್ರೀ!"

"ಅದು ನಾನು ಬರೆದದ್ದು ಕಣೇ."

ಹತ್ತು ವರ್ಷ ಗುಟ್ಟು ಕಾಪಾಡಿದ ಬಾಯಿ ಅವತ್ತು ಜಾರಿತ್ತು. ಅವಳು ತಿರುಗಿ ನೋಡಿದಳು, ಕೋಪದಿಂದಲ್ಲ, ಕನಿಕರದಿಂದ. "ಸುಮ್ನಿರಿ. ನೀವು ಕಾಗುಣಿತ ತಿದ್ದೋರು ಅಂತ ಗೊತ್ತಿಲ್ವಾ ನಂಗೆ? ಸತ್ತೋರ ಮಾತಿಗೂ ಪಾಲು ಕೇಳ್ತೀರಲ್ಲ."

ಆ ಸಂಜೆಯೇ ಸುದ್ದಿ ಬಂತು: ಸ್ಮಾರಕದ ಕಲ್ಲಿನ ಮೇಲೆ ಅದೇ ವಾಕ್ಯವನ್ನು ಕೆತ್ತಿಸುತ್ತಾರಂತೆ. ಕೆಳಗೆ ದೊಡ್ಡವರ ಹೆಸರು. ಆ ಕಲ್ಲಿನಲ್ಲಿ ತನ್ನ ಹೆಸರೂ ಇರಬೇಕು, ಹೆಂಡತಿ ಅದನ್ನು ಓದಬೇಕು ಎಂದು ಅವನು ಆಗಲೇ ತೀರ್ಮಾನಿಸಿದ. ಸಿಟ್ಟಿನಿಂದೇನಲ್ಲ. ಸಿಟ್ಟಿಗೂ ಒಂದಿಷ್ಟು ಕಸುವು ಬೇಕು, ಅದೂ ಅವನಲ್ಲಿ ಉಳಿದಿರಲಿಲ್ಲ.

ತಾನೇ ಬರೆದೆನೆಂದು ಹೇಳಿದರೆ ನಾಲ್ಕು ಜನ ನಗುತ್ತಾರೆ. ದೊಡ್ಡವರೇ ಹೇಳಿದರೆ ನಾಡೇ ನಂಬುತ್ತದೆ. ಹಾಗಾಗಿ ದೊಡ್ಡವರ ಕೈಯಿಂದ ಒಂದು ಕಾಗದ ಬರೆಸಬೇಕು.

ಸಾಮಗ್ರಿಗೆ ಕೊರತೆಯಿರಲಿಲ್ಲ. ಪ್ರತಿ ಭಾಷಣದ ಕರಡೂ ಮಹಡಿಯ ಮೇಲೆ ದೊಡ್ಡವರ ಕೋಣೆಗೆ ಹೋಗಿ, ಮುಚ್ಚಿದ ಲಕೋಟೆಯಲ್ಲಿ ಒಂದು ಚೀಟಿಯೊಡನೆ ಇಳಿದು ಬರುತ್ತಿತ್ತು. ಇದನ್ನು ಕತ್ತರಿಸಿ, ಅದನ್ನು ಮುಂದೆ ತನ್ನಿ ಎಂದು ನೀಲಿ ಶಾಯಿಯ ದುಂಡು ಅಕ್ಷರ. ಬಾಗಿಲಿನ ವಾಕ್ಯಕ್ಕೆ 'ಹೆಸರು, ಊರು, ಧರ್ಮ' ಎಂದು ಇವನು ಉದ್ದ ಎಳೆದಿದ್ದಾಗ, "ಹೆಸರು ಸಾಕು" ಎಂದು ಬಂದದ್ದೂ ಅಂಥದೇ ಚೀಟಿ. ಹತ್ತು ವರ್ಷದಲ್ಲಿ ಆರುನೂರಕ್ಕೂ ಹೆಚ್ಚು ಚೀಟಿಗಳು. ಒಂದನ್ನೂ ಎಸೆಯದೆ ತಾರೀಖಿನ ಪ್ರಕಾರ ಜೋಡಿಸಿಟ್ಟಿದ್ದ. ಸರ್ಕಾರಿ ಕಾಗದಗಳಿಗೆ ಸಹಿಯ ಮುದ್ರೆ ಒತ್ತುವುದು ವಾಡಿಕೆ. ಆದರೆ ಚೀಟಿಗಳ ಕೊನೆಗೆ ಬಾಲ ಎಳೆದ ಒಂದೇ ಅಕ್ಷರದ ಸಹಿ ಇರುತ್ತಿತ್ತು. ಅದು ಅವನ ಬೆರಳಿಗೆ ಎರಡನೆಯ ದಿನಕ್ಕೇ ಒಗ್ಗಿತು.

ಶೋಕಾಚರಣೆಯೆಂದು ಕಚೇರಿಗೆ ವಾರ ರಜೆ. ಹಗಲೆಲ್ಲ ಕಿಟಕಿಯ ಪಕ್ಕ ಕೂತು ಅಭ್ಯಾಸ ಮಾಡಿದ. ದೊಡ್ಡವರ ಹೆಸರು ಅಚ್ಚಾದ ಹಳೆಯ ಖಾಲಿ ಕಾಗದ ಖಾನೆಯಲ್ಲೇ ಇತ್ತು. ಅದೇ ಶಾಯಿಯ ಅರ್ಧ ಬಾಟಲಿಯೂ ಇತ್ತು. ಉಳಿದದ್ದು ತಾರೀಖು. ಇಲ್ಲಿ ಅವನು ತನ್ನ ಬುದ್ಧಿಗೆ ತಾನೇ ಭೇಷ್ ಎಂದ. ದೊಡ್ಡವರ ಹೆಂಡತಿ, ಎಲ್ಲರೂ ಅಮ್ಮ ಎನ್ನುವವರು, ಗಂಡನ ಪಕ್ಕ ಬಿಟ್ಟು ಕದಲಿದವರಲ್ಲ. ಇಂಥ ಕಾಗದ ನಾನು ಕಂಡೇ ಇಲ್ಲ ಎಂದು ಹೇಳಬಲ್ಲವರು ಅವರೊಬ್ಬರೇ. ದೊಡ್ಡವರ ದಿನದಿನದ ಕಾರ್ಯಕ್ರಮ ಬರೆದಿಡುವ ಭೇಟಿಯ ಪುಸ್ತಕ ತಿರುವಿದಾಗ ಆರು ವರ್ಷದ ಹಿಂದಿನ ಎರಡು ದಿನ ಸಿಕ್ಕಿತು: ಅಮ್ಮ ತಂಗಿಯ ಮಗಳ ಹೆರಿಗೆಗೆಂದು ಬೇರೆ ಊರಿಗೆ ಹೋಗಿದ್ದರು, ದೊಡ್ಡವರು ಒಬ್ಬರೇ ಮನೆಯಲ್ಲಿದ್ದರು. ಆ ಎರಡು ದಿನ ಕೆಳಗೆ ಒಂದು ಚೀಟಿಯೂ ಬಂದಿರಲಿಲ್ಲ. ಬಿಡುವು ಮಾಡಿಕೊಂಡಿರಬೇಕು, ಬಿಡುವಿನಲ್ಲೇ ಅಲ್ಲವೇ ಮನುಷ್ಯ ಮನಸ್ಸು ಬಿಚ್ಚಿ ಬರೆಯುವುದು ಎಂದುಕೊಂಡ.

ಕಾಗದ ಒಂದೇ ಪುಟ. "ನಾನು ಆಡಿದ ಒಳ್ಳೆಯ ಮಾತುಗಳೆಲ್ಲ ಕೆಳಗಿನ ಕೋಣೆಯ ಒಬ್ಬರದು. ನನ್ನ ನಂತರ ಎಲ್ಲಾದರೂ ಬಾಗಿಲಿನ ಮಾತನ್ನು ಬರೆಸಿದರೆ ಅವರ ಹೆಸರನ್ನೂ ಬರೆಸಿ. ಇದನ್ನು ನನ್ನ ಹೆಂಡತಿಗೂ ಹೇಳಿಲ್ಲ. ನನ್ನ ಕೈಯಾರೆ ಬರೆದಿಡುತ್ತಿದ್ದೇನೆ." 'ಹೆಂಡತಿಗೂ ಹೇಳಿಲ್ಲ' ಎಂಬ ವಾಕ್ಯದ ಮೇಲೆ ಅವನಿಗೆ ವಿಶೇಷ ಅಭಿಮಾನ. ಅಮ್ಮನ ಬಾಯಿ ಕಟ್ಟುವ ವಾಕ್ಯ ಅದು.

ವಸ್ತುಸಂಗ್ರಹಾಲಯಕ್ಕೆಂದು ದೊಡ್ಡವರ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುವಾಗ ಇವನೂ ಕೈ ಜೋಡಿಸಿದ. ದಪ್ಪ ನಿಘಂಟಿನ ನಡುವೆ ಕಾಗದ ಇಟ್ಟು ಬಂದ. ದಾಖಲೆ ಅಧಿಕಾರಿ ಮಹಾ ಶಿಸ್ತಿನ ಹೆಂಗಸು, ಪುಸ್ತಕಗಳನ್ನು ಹಾಳೆ ಹಾಳೆ ಬಿಡಿಸಿ ನೋಡುವವಳು. ಕಾಗದ ಅವಳ ಕೈಗೆ ಸಿಗಲು ಹನ್ನೊಂದು ದಿನ ಬೇಕಾಯಿತು. ಕೆಳಗಿನ ಕೋಣೆಯಲ್ಲಿ ಕೂರುತ್ತಿದ್ದವನು ಇವನೊಬ್ಬನೇ. ಹನ್ನೆರಡನೆಯ ದಿನ ಪತ್ರಿಕೆಗಳ ಮುಖಪುಟದಲ್ಲಿ ಅವನ ಹೆಸರಿತ್ತು. ಹೆಂಡತಿ ಓದಿ, ಪತ್ರಿಕೆಯನ್ನು ನೀಟಾಗಿ ಮಡಿಸಿ, "ಅವತ್ತು ಹಾಗಂದೆ, ತಪ್ಪಾಯ್ತು ಕಣ್ರೀ," ಎಂದಳು. ಅವನಿಗೆ ಸಂತೋಷವಾಗಬೇಕಿತ್ತು. ಆದಷ್ಟು ಆಯಿತು.

ಸ್ಮಾರಕ ಸಮಿತಿಯ ಸಭೆಗೆ ಅವನನ್ನು ಕರೆಸಿದರು. ಮದುವೆಗಳಿಗೆಂದು ತೆಗೆದಿಟ್ಟ ಬಟ್ಟೆ ಉಟ್ಟು ಹೆಂಡತಿಯೂ ಬಂದಳು. ಮೇಜಿನ ಮೇಲೆ ಪ್ರತಿಮೆಯ ಮಣ್ಣಿನ ಮಾದರಿ ಇತ್ತು: ದೊಡ್ಡವರು ಎರಡೂ ಕೈ ಕೋಟಿನ ಜೇಬಿನಲ್ಲಿಟ್ಟು ನಿಂತಿದ್ದಾರೆ. ನಾಡಿಗೆಲ್ಲ ಪರಿಚಿತವಾದ ಠೀವಿ ಅದು. ಯಾವ ಸಮಾರಂಭದಲ್ಲೂ ಒಂದು ಲೋಟ ನೀರನ್ನೂ ಮುಟ್ಟದ ಅವರ ಸಂಯಮದ ಬಗ್ಗೆ ಸಂತಾಪದ ಭಾಷಣದಲ್ಲಿ ಒಂದು ಇಡೀ ಪ್ಯಾರಾ ಇತ್ತು. ಅದನ್ನೂ ಇವನೇ ಬರೆದಿದ್ದ.

ಹಸ್ತಾಕ್ಷರ ತಜ್ಞ ಕನ್ನಡಕ ಏರಿಸಿಕೊಂಡ. "ಅದೇ ಕಾಲದ ಇನ್ನೂರು ಚೀಟಿ ಜೊತೆಗಿಟ್ಟು ನೋಡಿದೀನಿ. ನೂರಕ್ಕೆ ನೂರು ಅದೇ ಕೈ. ಒಂದು ಸೋಜಿಗ ಏನಂದ್ರೆ, ವಯಸ್ಸಾದ ಹಾಗೆ ಎಲ್ಲರ ಅಕ್ಷರ ಕೆಡುತ್ತೆ, ಇವರದ್ದು ದುಂಡಗಾಗಿದೆ. ಎಂಥಾ ಶಿಸ್ತು ನೋಡಿ!"

ಸಮಿತಿಯ ಅಧ್ಯಕ್ಷರು ತಲೆದೂಗಿದರು. "ಹಾಗಾದ್ರೆ ಕಲ್ಲಿನ ಮೇಲೆ ಎರಡು ಹೆಸರು. ಅಮ್ಮ, ನೀವೊಂದು ಸಲ ಮೂಲ ಪ್ರತಿ ನೋಡಿ ಒಪ್ಪಿಗೆ ಹಾಕಿಬಿಟ್ರೆ ಮುಗೀತು."

ಅಮ್ಮ ಕಾಗದ ತೆಗೆದುಕೊಂಡರು. ಒಂದು ಸಲ ಓದಿದರು. ತಾರೀಖಿನ ಮೇಲೆ ಬೆರಳಿಟ್ಟು ಇನ್ನೊಂದು ಸಲ ಓದಿದರು. ಭಾಷಣದವನು ಹೆಂಡತಿಯ ಕಡೆ ನೋಡಿದ. ಅವಳು ಹೆಮ್ಮೆಯಿಂದ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಅಮ್ಮ ಪೆನ್ನು ಕೇಳಿ ಪಡೆದು, ಎದುರಿಗಿದ್ದ ಖಾಲಿ ಹಾಳೆಯ ಮೇಲೆ ಏನೋ ಬರೆದು, ಎರಡನ್ನೂ ಅಕ್ಕಪಕ್ಕ ಇಟ್ಟು ತಜ್ಞನ ಮುಂದೆ ಸರಿಸಿದರು. ತಜ್ಞ ನೋಡಿದ, ಕನ್ನಡಕ ತೆಗೆದ, ಮತ್ತೆ ಹಾಕಿಕೊಂಡು ನೋಡಿದ. ಹಾಳೆಯ ಮೇಲೆ ನೀಲಿ ಶಾಯಿಯ ದುಂಡು ಅಕ್ಷರದಲ್ಲಿ "ಹೆಸರು ಸಾಕು" ಎಂದಿತ್ತು. ಅಧ್ಯಕ್ಷರು ಕಾವಲಿನವನಿಗೆ ಬಾಗಿಲು ಹಾಕಲು ಹೇಳಿದರು.

"ಹನ್ನೆರಡು ವರ್ಷದಿಂದ ಅವರ ಕೈ ನಡುಗ್ತಿತ್ತು," ಎಂದರು ಅಮ್ಮ, ಮಣ್ಣಿನ ಪ್ರತಿಮೆಯ ಜೇಬುಗಳನ್ನು ನೋಡುತ್ತ. "ಜನಕ್ಕೆ ಗೊತ್ತಾದ್ರೆ ಧೈರ್ಯ ಕೆಡುತ್ತೆ ಅಂತ ಮುಚ್ಚಿಟ್ಟಿದ್ವಿ. ಅನ್ನ ಕಲಸಿ ತಿನ್ನಿಸ್ತಿದ್ದೋಳು ನಾನು. ಅವರು ಹೇಳೋರು, ಚೀಟಿ ಬರೀತಿದ್ದೋಳೂ ನಾನೇ, ಒಂದೊಂದೂ." ಆಮೇಲೆ ಇವನ ಕಡೆ ತಿರುಗಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಆಯಾಸವಿತ್ತು. "ಹೆಂಡತಿಗೂ ಹೇಳಿಲ್ಲ ಅಂತ ಬರೆದಿದೀರಿ, ಭಾಷಣದವರೇ. ಅದೂ ನನ್ನ ಅಕ್ಷರದಲ್ಲಿ, ನಾನು ಊರಲ್ಲಿ ಇಲ್ಲದ ದಿನ."