ಕರಜಗಿಯ ಕ್ಯಾಸೆಟ್

"ಕಸ್ತೂರಬಾಯಿ, ನನ್ನ ಕ್ಯಾಸೆಟ್ ಯಾರೋ ಅಳಿಸ್ಯಾರ್ರಿ," ಎನ್ನುತ್ತ ಮೇಲಿನ ಮನೆಯ ಯೋಗಿರಾಜ ಬೆಳಿಗ್ಗೆಯೇ ಇಳಿದು ಬಂದ. ಸೊಲ್ಲಾಪುರದ ನಮ್ಮ ವಾಡೆಯಲ್ಲಿ ಏನು ಕಳೆದರೂ ಜನ ಪೊಲೀಸರಿಗಿಂತ ಮೊದಲು ನನ್ನ ಗೆಳತಿ ಕಸ್ತೂರಬಾಯಿಯ ಬಾಗಿಲು ಬಡಿಯುತ್ತಿದ್ದರು. ಚಹಾಕ್ಕೆಂದು ಹೋದ ನಾನೂ ಅಲ್ಲೇ ಇದ್ದೆ.

ಯಾರೂ ಕೇಳದ ಹಾಡು, ಯಾರೂ ಓದದ ಪುಸ್ತಕ ಹುಡುಕಿ, ಮರಾಠಿಯಲ್ಲಿ ವಿಮರ್ಶೆ ಬರೆದು ಇಂಟರ್‌ನೆಟ್ಟಿಗೆ ಹಾಕುವುದು ಯೋಗಿರಾಜನ ಹುಚ್ಚು. ಹುಚ್ಚರಿಗೇನು ಬರವೇ, ಓದುವವರೂ ಸಾಕಷ್ಟಿದ್ದರು. ಅಕ್ಕಲಕೋಟೆಯ ಗುಜರಿಯಲ್ಲಿ ಸಿಕ್ಕ ಭಜನೆ ಕ್ಯಾಸೆಟ್ಟೊಂದರ ನಡುವೆ ಹೆಂಗಸೊಬ್ಬಳು ಒಂಟಿಯಾಗಿ ಹಾಡಿದ್ದಳು. ಬಿಕ್ಕಿನ ನಡುವೆ ಮಾತು ಯಾರಿಗೂ ಸರಿಯಾಗಿ ಕೇಳುತ್ತಿರಲಿಲ್ಲ; ಮರಾಠಿ ಸಾಲೆ ಕಲಿತ ಇವನಿಗಂತೂ ಆ ಹಳ್ಳಿಗನ್ನಡದ ಅರ್ಧ ಮಾತೂ ತಿಳಿದಿರಲಿಲ್ಲ. ಆದರೂ 'ಬಿಕ್ಕುತ್ತ ಹಾಡುವ ಅಪರೂಪದ ಶೈಲಿ' ಎಂದು ಹೊಗಳಿ, ಐದಕ್ಕೆ ಐದು ಚುಕ್ಕಿ ಕೊಟ್ಟಿದ್ದ. ಭಾನುವಾರ ಪುಣೆಯ ರಸಿಕರಿಗೆ ಕೇಳಿಸುವವನಿದ್ದ. ನಕಲು ಮಾಡಿದರೆ ಅಪರೂಪ ಎಲ್ಲಿ ಉಳಿದೀತು ಎಂಬ ಜಂಬ ಬೇರೆ. ಈಗ ಅವನ ಗುಮಾನಿ ಹಿಂದಿನ ದಿನ ಬಂದುಹೋಗಿದ್ದ ಅಮೋಲನ ಮೇಲೆ. ಅಮೋಲನೂ ವಿಮರ್ಶಕ, ಬಾಲ್ಯದ ಗೆಳೆಯ. ಆ ಗೆಳೆತನ ಅಂದೇ ಮುರಿಯುವುದರಲ್ಲಿತ್ತು.

ಕಸ್ತೂರಬಾಯಿ ಮೇಲೆ ಹೋಗಿ ಕ್ಯಾಸೆಟ್ ಕೇಳಿದಳು. ಹಿಂದಿನ ಭಜನೆ, ಮುಂದಿನ ಭಜನೆ ಎರಡೂ ಹಾಗೇ ಇದ್ದವು. ನಡುವಿನ ಹಾಡಷ್ಟೇ ಹೋಗಿತ್ತು. ಅದರ ಮೇಲೆ ಬೇರೇನೂ ತುಂಬಿಕೊಳ್ಳದಿರಲೆಂದು ಯೋಗಿರಾಜ ಕ್ಯಾಸೆಟ್ಟಿನ ಅಂಚಿನ ಚಿಕ್ಕ ಪಟ್ಟಿಯನ್ನು ಮುರಿದಿದ್ದ. ಮತ್ತೆ ಅಳಿಸಲು ಬರುವಂತೆ ಆ ತೂತಿಗೆ ಯಾರೋ ಹತ್ತಿ ತುರುಕಿದ್ದರು. ಒಳಗೆ ಅವನ ಬಸುರಿ ಹೆಂಡತಿ ಪ್ರಣಿತಾ ರೊಟ್ಟಿ ಬಡಿಯುತ್ತ ಏನೋ ಗುನುಗುತ್ತಿದ್ದಳು; ಅಳಿಸಿಹೋದ ಹಾಡು ಅದೇ ಎಂದ ಯೋಗಿರಾಜ. ಅವಳ ಆರೈಕೆಗೆಂದು ಕರಜಗಿಯಿಂದ ಬಂದಿದ್ದ ಅಜ್ಜಿ ಗುರುಲಿಂಗಮ್ಮ ದೇವರ ಮುಂದೆ ಬತ್ತಿ ಹೊಸೆಯುತ್ತಿದ್ದರು.

ಸಂಜೆ ಅಮೋಲನನ್ನೂ ಕರೆಸಿ, ಕಸ್ತೂರಬಾಯಿ ಎಲ್ಲರನ್ನೂ ಕೂರಿಸಿದಳು.

"ಹೊಟ್ಟಿಕಿಚ್ಚಿನಿಂದ ಅಳಿಸಾಂವ ಕ್ಯಾಸೆಟ್ ಪೂರಾ ಹಾಳ ಮಾಡ್ತಿದ್ದ. ಇದನ್ನ ಅಳಿಸಿದವರು ದೇವರ ಹೆಸರು ಉಳಿಸ್ಯಾರ. ನಡುವಿಂದು ಹಾಡಲ್ಲ, ಯೋಗಿರಾಜ. ಸತ್ತ ಮನ್ಯಾಗ ರಾತ್ರಿಯೆಲ್ಲಾ ಭಜನಿ ನಡೀತದ, ಹೆಣ್ಮಕ್ಕಳು ಸತ್ತವರ ರೂಪ, ಗುಣ ಹಾಡ್ಯಾಡಿ ಅಳ್ತಾರ. ಬಿಕ್ಕತಾಳ ಅಂತ ನೀನ ಬರದಿದಿ. ಆ ಅಳು ಬಸುರಿ ಇದ್ದ ಮನ್ಯಾಗ ಕೇಳಸಬಾರದು. ಅಷ್ಟು ತಿಳಿದವರು, ಬತ್ತಿ ಹತ್ತಿ ಕೈಯಾಗಿದ್ದವರು ಇಲ್ಲಿ ಒಬ್ಬರ."

ಗುರುಲಿಂಗಮ್ಮ ತಲೆ ತಗ್ಗಿಸಿ, ಆ ದನಿಯೂ ತಮ್ಮದೇ ಎಂದರು. ಹೆರಿಗೆಯಲ್ಲಿ ತೀರಿಕೊಂಡ ಮಗಳ ಮುಂದೆ ಅತ್ತದ್ದನ್ನು, ಭಜನೆಗೆಂದು ಗಂಡ ಹಚ್ಚಿದ್ದ ಟೇಪು ತುಂಬಿಕೊಂಡಿತ್ತು; ಮುಂದೆ ಅದು ಹಳೆ ಸಾಮಾನಿನ ಜೊತೆ ಗುಜರಿ ಸೇರಿತ್ತು. ಹತ್ತಿ ತುರುಕುವುದನ್ನೂ ಅವರು ಗಂಡನನ್ನು ನೋಡಿಯೇ ಕಲಿತಿದ್ದರು.

"ಅದು ನಿಮ್ಮವ್ವ ಸತ್ತಾಗ ನಾ ಅತ್ತ ಅಳು, ಪ್ರಣಿತಾ. ನೀ ಅದನ್ನ ಗುನುಗಾಕತ್ತಿದ್ದಿ. ಹೇಳಿ ಹೆದರಸೂದು ಬ್ಯಾಡಂತ ಸುಮ್ಮನ ಅಳಿಸಿದೆ."

ಯೋಗಿರಾಜ ಅಮೋಲನ ಕೈ ಹಿಡಿದು ತಪ್ಪಾಯಿತೆಂದ. ವಿಮರ್ಶೆಯನ್ನೂ ಅಲ್ಲೇ ತೆಗೆದುಹಾಕಿದ. ನನಗೆ ಮಾತ್ರ ಪ್ರಣಿತಾಳ ಮುಖ ನೋಡಲಾಗಲಿಲ್ಲ. ತಾಯಿಯ ಒಂದು ಫೋಟೋ ಕೂಡ ಆ ಹುಡುಗಿ ಕಂಡವಳಲ್ಲ.

"ಅವ್ವ ಹೆಂಗಿದ್ದಳು ಅಂತ ಅದರಾಗ ಹೇಳಿದ್ದೇನು ಅಜ್ಜಿ? ಈಗರೆ ಹೇಳು," ಎಂದಳು.

ಗುರುಲಿಂಗಮ್ಮ ಮೊಮ್ಮಗಳ ಹತ್ತಿರ ಸರಿದರು.

"ಎಲ್ಲಾ ಹೇಳಿದ್ದೆ, ನನ್ನವ್ವಾ. ಹಾಡಿದರಷ್ಟ ನೆನಪಾಗ್ತದ," ಎಂದು ಮೊಮ್ಮಗಳ ಹೊಟ್ಟೆಯ ಮೇಲೆ ಕೈಯಿಟ್ಟರು. "ಈ ಮನ್ಯಾಗ ಹಾಡಬಾರದು."